ಎಂಟಂಕಿಯ ಕಲ್ಲು

ಹಲೋ… ಯಾರು ಮಾತಾಡ್ತಿರೋದು? ಲೆಕ್ಕದ ಮೇಡಮ್ಮೇನಾ?

…

ಹಾಂ, ನಾನು ಮೇಡಂ, ಕಲ್ಲು ಕೆತ್ತೋನು. ನಿಮ್ಮ ಫಲಕದ ವಿಷಯ.

…

ಇಲ್ಲ ಇಲ್ಲ, ನಾಲ್ಕು ಗಂಟೆಗೆ ಸಭೆ ಅಂತ ನೆನಪಿದೆ. ನಿಮ್ಮ ನಿವೃತ್ತಿ ದಿನ ಕಾಲೇಜಿಗೆ ಅಂತ ನೀವು ಕೊಡ್ತಿರೋ ಕಲ್ಲು, ತಡ ಮಾಡ್ತೀನಾ? ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು. ಎಂಟೂ ಅಂಕಿ ಮುತ್ತಿನ ಹಾಗೆ ಕೆತ್ತಿದ್ದೀನಿ.

…

ದನಿಗೇನಾಗಿದೆ? ಏನಿಲ್ಲ, ಕಲ್ಲಿನ ಧೂಳು. ಮೇಡಂ, ಸುಮ್ನೆ ಕೇಳ್ತೀನಿ. ಈ ಸಂಖ್ಯೆ ಯಾವುದರಿಂದಲೂ ಭಾಗ ಹೋಗಲ್ಲ ಅಂದಿದ್ರಿ, ಅಲ್ವಾ?

…

ಒಂದು, ಇಲ್ಲಾಂದ್ರೆ ಅದೇ ಸಂಖ್ಯೆ. ಬೇರೆ ಯಾರಿಗೂ ಬಗ್ಗಲ್ಲ. ಅವಿಭಾಜ್ಯ. ಹಾಂ. ಈಗ ಊಹೆಗೆ ಅಂತ ಇಟ್ಕೊಳ್ಳಿ, ಕೊನೇ ಮೂರು ಇಲ್ಲ. ಆಗ?

…

ಆಗಲೂ ಅವಿಭಾಜ್ಯನೇ? ಅದರ ಹಿಂದಿನ ಮೂರೂ ಇಲ್ಲ ಅಂದ್ರೆ?

…

ಬಲಗಡೆಯಿಂದ ಒಂದೊಂದೇ ಎಷ್ಟು ತೆಗೆದ್ರೂ ಉಳಿದದ್ದು ಅವಿಭಾಜ್ಯನಾ? ಇಂಥದ್ರಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆನೇ ಇಲ್ವಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು, ಮೇಡಂ.

…

ಯಾಕೆ ಕೇಳಿದೆ ಅಂದ್ರೆ… ಕಲ್ಲಿನ ಬಲತುದೀಲಿ ಒಂದು ಬಿರುಕು ಅವಿತ್ಕೊಂಡಿತ್ತು. ಕೊನೇ ಪೆಟ್ಟಿಗೆ ಎರಡು ಅಂಕಿ ಕಾಲ ಮೇಲೆ ಬಿತ್ತು.

…

ಕಾಲಿಗೇನೂ ಆಗಿಲ್ಲ. ತಡೀರಿ, ನನ್ನ ಹೆಂಡ್ತಿ ಕರೀತಿದ್ದಾಳೆ… ಏನೇ? … ಕಲ್ಲು ಒರೆಸು ಅಂತ ನಿಂಗೆ ಹೇಳಿದೋರ್ಯಾರು? … ಮೇಡಂ, ಮತ್ತೆ ಮೂರು ಅಂಕಿ ಬಿತ್ತು. ಈಗ ಏಳು, ಮೂರು, ಒಂಬತ್ತು ಅಷ್ಟೇ ಇದೆ.

…

ಏಳುನೂರ ಮೂವತ್ತೊಂಬತ್ತೂ ಅವಿಭಾಜ್ಯನಾ? ನಗ್ತಿದ್ದೀರಾ? ನಗಿ, ನಗಿ. ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ. ಇದು ಕೆಟ್ರೆ ಕಾಲೇಜಿನ ಬಾಗಿಲ ಫಲಕದ ಕೆಲಸ ಬೇರೆಯವರ ಪಾಲು ಅಂತ ನೀವೇ ಅಂದಿದ್ರಿ. ನಲವತ್ತು ಬಾಗಿಲು, ಮೇಡಂ. ಬಲಗಡೆ ಸೊಟ್ಟ ಮುರಿದಿದೆ, ಎಡಗಡೆಯ ಏಳನ್ನೂ ಒಡೆದು ಸರಿದೂಗಿಸ್ಲಾ?

…

ಬೇಡ್ವಾ? ಏಳು ಹೋದ್ರೆ ಉಳಿಯೋದು ಮೂವತ್ತೊಂಬತ್ತು… ಹದಿಮೂರ್ ಮೂರ್ಲ ಮೂವತ್ತೊಂಬತ್ತು. ಹೌದಲ್ವಾ. ಎಡಗಡೆ ಕೈ ಹಾಕಲ್ಲ, ಬಿಡಿ.

…

ಏನಂದ್ರಿ? ಬೇಕು ಅಂತಲೇ ಈ ಸಂಖ್ಯೆ ಆರಿಸಿದ್ರಾ? ನನ್ನ ಕೈಚಳಕ ನೋಡಿ?

…

ನಾನು ಕೆತ್ತಿದ ಹಲ್ಲಿನ ಡಾಕ್ಟರ ಫಲಕದಲ್ಲಿ ಬಲಗಡೆ ಒಂದೇ ಒಂದು ಅಕ್ಷರ ಹೋಗಿರೋದು. ಸಂಗೀತ ಶಾಲೆದೂ ನೋಡಿದ್ರಾ? ವಕೀಲರದೂನಾ? ಊರೆಲ್ಲ ಸುತ್ತಿದ್ದೀರಲ್ಲ, ಮೇಡಂ. ಇಷ್ಟೆಲ್ಲ ಗೊತ್ತಿದ್ದೂ ನಂಗೇ ಯಾಕೆ ಕೊಟ್ರಿ?

…

ಉಳಿದಿರೋ ಅಕ್ಷರಗಳು… ಅಷ್ಟು ಚೆನ್ನಾಗಿ ಬೇರೆ ಯಾರೂ ಕೆತ್ತಲ್ಲ ಅಂತಾನಾ? ಬಾಗಿಲ ಕೆಲಸಾನೂ ನಂಗೇನಾ? ಮೂವತ್ತು ವರ್ಷದಲ್ಲಿ ನಂಗೆ ಯಾರೂ ಹೀಗೆ ಅಂದಿಲ್ಲ, ಮೇಡಂ. ತುಂಬಾ ಸಂತೋಷ ಆಯ್ತು. ಬೆಳಗಿನಿಂದ ನಿಂತೇ ಇದ್ದೀನಿ, ತಡೀರಿ, ಈ ಕಲ್ಲಿಗೆ ಸ್ವಲ್ಪ ಒರಗ್ಕೋತೀನಿ…

…

ಒರಗಬೇಡ ಅಂದ್ರಾ? ಅದು… ಆಗ್ಹೋಯ್ತು. ಮೇಡಂ, ಏಳೊಂದೇ ಉಳಿದ್ರೂ ಅವಿಭಾಜ್ಯನೇ ಅಲ್ವಾ? ನಗೋದು ಆಮೇಲೆ, ಮೊದಲು ಹೇಳಿ… ಹಲೋ? ಮೇಡಂ? ಹಲೋ…