ಹತ್ತು ಲೋಟ ಕುದಿಸಿದರೆ ಒಂದು ಲೋಟ

ಮಾನ್ಯ ಅಧ್ಯಕ್ಷರೇ, ಮರದ ರಸದ ಕಾರ್ಖಾನೆಯಿಂದ ಬಂದಿರುವ ಅತಿಥಿಗಳೇ, ಮೂವತ್ತೆರಡು ವರ್ಷ ನನ್ನನ್ನು ಸಹಿಸಿಕೊಂಡ ಪ್ರಯೋಗಾಲಯದ ಸಹೋದ್ಯೋಗಿಗಳೇ, ತಿಂಡಿ ಬರುವ ತನಕ ಎದ್ದು ಹೋಗುವಂತಿಲ್ಲದ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ವಾಡಿಕೆ. ಅಧ್ಯಕ್ಷರೂ ಹೊಗಳಿದರು. ಕಾಂಡ ಕೊರೆದು ಇಳಿಸಿ ಬಾಟಲಿಯಲ್ಲಿ ಮಾರುವ ಮರದ ರಸದ ಖನಿಜಾಂಶ ಅಳೆದವನು ನಾನು, ನನ್ನ ವರದಿಯಿಂದಲೇ ಅದು ಮನೆಮನೆ ತಲುಪಿತು ಎಂದರು. ನಿಜ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್ ಎಲ್ಲವೂ ಇವೆ. ಎಲ್ಲಕ್ಕಿಂತ ಹೆಚ್ಚು ಪೊಟ್ಯಾಸಿಯಂ, ಲೋಟಕ್ಕೆ ಅರವತ್ತು ಮಿಲಿಗ್ರಾಂ. ಒಂದಿಷ್ಟು ಸಕ್ಕರೆ. ಮಿಕ್ಕಿದ್ದೆಲ್ಲ ನೀರು. ಮರ ನೀರು ಕುಡಿದು ನೀರೇ ಕೊಡುತ್ತದೆ, ನಾವು ಅದಕ್ಕೆ ಚೀಟಿ ಅಂಟಿಸುತ್ತೇವೆ. ನಗಿ, ಅತಿಥಿಗಳು ಬೇಸರಪಡುವುದಿಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಪರೀಕ್ಷೆ ಮುಗಿದ ಮೇಲೆ ಮುಚ್ಚಳ ತೆರೆಯದೆ ಉಳಿದ ಬಾಟಲಿಗಳನ್ನು ಮನೆಗೆ ಒಯ್ಯುತ್ತೇವೆ. ಈ ರಸ ಅಳೆದ ವರ್ಷ ಎರಡು ಪೆಟ್ಟಿಗೆ ಉಳಿದವು. ಅಕ್ಕನಿಗೆ ಕೊಟ್ಟೆ. ಅಮ್ಮ ಹೋದ ಮೇಲೆ ತಾನು ಓದು ಬಿಟ್ಟು, ನನಗೆ ಮಗ್ಗಿ ಕಲಿಸಿದವಳು ಅವಳು. ಅವಳ ಮೂತ್ರಪಿಂಡ ಸೋತಿತ್ತು. ಪೊಟ್ಯಾಸಿಯಂ ಕಡಿಮೆ ಇರಲಿ, ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ ಎಂದು ವೈದ್ಯರು ಬರೆದುಕೊಟ್ಟಿದ್ದರು. ನಾನು ಲೆಕ್ಕ ಹಾಕಿದೆ. ದಿನಕ್ಕೆ ಎರಡು ಲೋಟ, ನೂರಿಪ್ಪತ್ತು ಮಿಲಿಗ್ರಾಂ, ಏನೂ ಆಗದು.

"ಬಾಟಲಿ ತೆಗೆದ್ರೆ ಎರಡೇ ದಿನಕ್ಕೆ ಹುಳಿ ಬರುತ್ತಲ್ಲೋ?" ಎಂದಳು.

"ಕುದಿಸಿ ಇಡಕ್ಕಾ, ಕೆಡಲ್ಲ" ಎಂದೆ.

ಸಭಿಕರೇ, ಕುದಿಸಿದರೆ ಹೋಗುವುದೇನು? ನೀರು. ಉಳಿಯುವುದೇನು? ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಡುವವನು ನಾನು! ಅಕ್ಕ ಯಾವುದನ್ನೂ ಅರೆಬರೆ ಮಾಡಿದವಳಲ್ಲ. ಹತ್ತು ಲೋಟ ಒಂದು ಲೋಟವಾಗುವ ತನಕ ಕುದಿಸಿದಳು. "ಗಟ್ಟಿ ಆದಷ್ಟೂ ಶಕ್ತಿ ಜಾಸ್ತಿ ಕಣೋ" ಎಂದಳು. ನಾನು ಹೇಳಿದ ಹಾಗೆಯೇ ದಿನಕ್ಕೆ ಎರಡು ಲೋಟ ಕುಡಿದಳು, ಇಪ್ಪತ್ತು ಲೋಟದ ಪೊಟ್ಯಾಸಿಯಂ.

ನಾಲ್ಕನೆಯ ದಿನ ನನಗೂ ಒಂದು ಚಮಚ ಕೊಟ್ಟಳು. ಕಂದುಬಣ್ಣ, ಒಳ್ಳೆಯ ಸಿಹಿ. ರುಚಿಯಾಗಿದೆ ಎಂದೆ. ಪ್ರಯೋಗಾಲಯದಲ್ಲಿ ಆ ಬಣ್ಣ ಕಂಡಿದ್ದರೆ, ಎಷ್ಟು ಪಟ್ಟು ಗಟ್ಟಿ ಮಾಡಿದಿರಿ ಎಂದು ಕೇಳದೆ ಬಿಡುತ್ತಿರಲಿಲ್ಲ. ಅಕ್ಕನ ಅಡುಗೆಮನೆಯಲ್ಲಿ ಕೇಳಲಿಲ್ಲ.

ಆರನೆಯ ದಿನ ಅವಳ ಹೃದಯ ನಿಂತಿತು. ಆಸ್ಪತ್ರೆಯವರು ರಕ್ತಪರೀಕ್ಷೆಯ ವರದಿ ನನ್ನ ಕೈಗೇ ಕೊಟ್ಟರು. ಪೊಟ್ಯಾಸಿಯಂ ಎದುರಿಗಿದ್ದ ಅಂಕಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟೆ. ಆಯುಸ್ಸು ಅಷ್ಟೇ ಇತ್ತು ಎಂದು ಬಂದವರೆಲ್ಲ ಹೇಳಿದರು, ನಾನು ತಲೆಯಾಡಿಸಿದೆ. ಒಂಬತ್ತು ವರ್ಷ ತಲೆಯಾಡಿಸಿದ್ದೇನೆ.

ಈಗೇಕೆ ಹೇಳುತ್ತಿದ್ದಾನೆ ಎನ್ನುವಿರಾ? ಬಾಗಿಲಲ್ಲಿ ನಿಮಗೆಲ್ಲ ಹಂಚಿದ್ದು ಕಾರ್ಖಾನೆಯ ಹೊಸ ಸರಕು, ಕುದಿಸಿ ಗಟ್ಟಿ ಮಾಡಿದ ರಸ. ಅದರ ಚೀಟಿಯ ಮೇಲಿರುವುದು ತಾಜಾ ರಸಕ್ಕೆ ನಾನು ಬರೆದ ಹಳೆಯ ಅಂಕಿ, ಕೆಳಗೆ ನನ್ನ ಸಹಿ. ಅತಿಥಿಗಳೇ, ಅದನ್ನು ಮಾರಬೇಡಿ. ಸಭಿಕರೇ, ಮೂತ್ರಪಿಂಡದ ತೊಂದರೆ ಇರುವವರ ಮನೆಗೆ ಅದನ್ನು ಒಯ್ಯಬೇಡಿ.

ಮೂರನೆಯ ಸಾಲಿನಲ್ಲಿ ಅಕ್ಕನ ಗಂಡ, ನಮ್ಮ ಭಾವ ಕೂತಿದ್ದಾರೆ. ಪ್ರತಿ ಭಾನುವಾರ ಅವರ ಮನೆಯಲ್ಲೇ ನನ್ನ ಊಟ. ಆ ಕಾಗದದ ವಿಷಯ ಅವರು ಕೇಳುತ್ತಿರುವುದೂ ಇದೇ ಮೊದಲು. ಭಾವ, ಇವತ್ತು ನನ್ನನ್ನು ಕರೆದುಕೊಂಡು ಹೋಗಲು ಕಾಯಬೇಡಿ. ಎಲ್ಲರಿಗೂ ಧನ್ಯವಾದ, ನಮಸ್ಕಾರ.