ಇಡೀ ವಿಭಾಗವನ್ನೇ ಕರೆದವರು

ವಕೀಲರ ಸಂಘದ ಅಧ್ಯಕ್ಷರೇ, ಮೇಡಂ ಅವರ ಯಜಮಾನರೇ, ಮಗಳೇ, ಬಂಧುಗಳೇ, ಸ್ನೇಹಿತರೇ — ಎಲ್ಲರಿಗೂ ನಮಸ್ಕಾರ.

ಮೇಡಂ ಅವರ ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನು ಯಾಕೆ ಮಾತಾಡಲು ಕರೆದರೋ ಗೊತ್ತಿಲ್ಲ. ನಾನು ಕಂಪನಿಗಳ ಪರ ವಕೀಲ. ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸಿದವರು, ಒಳಗಿನ ಅಕ್ರಮವನ್ನು ಹೊರಗೆ ಹೇಳಿದವರು — ಇವರೆಲ್ಲ ಮೇಡಂ ಹತ್ತಿರ ಹೋಗುತ್ತಿದ್ದರು. ಅವರ ಮಾಲೀಕರು ನನ್ನ ಹತ್ತಿರ ಬರುತ್ತಿದ್ದರು. ನಮ್ಮಿಬ್ಬರ ಒಡನಾಟ ಹೀಗೆ.

ಈಗಷ್ಟೇ ಮಾತಾಡಿದವರು, ಮೇಡಂ ಸೋಲನ್ನೇ ಕಂಡಿರಲಿಲ್ಲ ಎಂದರು. ಇಲ್ಲ. ಬೇಕಾದಷ್ಟು ಸೋತಿದ್ದಾರೆ, ಕೆಲವು ನನ್ನ ಕೈಯಲ್ಲೇ. ಸೋತ ದಿನ ನೇರ ಕ್ಯಾಂಟೀನಿಗೆ ಬಂದು ನನ್ನೆದುರು ಕೂರುತ್ತಿದ್ದರು. "ಗೆದ್ದೋರು ಕಾಫಿ ಕೊಡಿಸ್ಬೇಕು ಸಾರ್" ಅನ್ನೋರು.

ಒಂದು ಕೇಸು ಹೇಳುತ್ತೇನೆ. ಬಟ್ಟೆ ಹೊಲಿಯುವ ಕಾರ್ಖಾನೆ. ಪ್ಯಾಕಿಂಗ್ ವಿಭಾಗದ ಮ್ಯಾನೇಜರ್ ಹೆಂಗಸರಿಗೆ ಕಾಟ ಕೊಡುತ್ತಾನೆ ಎಂದು ದೂರು. ದೂರು ಕೊಟ್ಟಾಕೆಯ ಹೆಸರನ್ನು ತನಿಖಾಧಿಕಾರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲು ಮೇಡಂ ಒಪ್ಪಲಿಲ್ಲ. ನನ್ನ ಕಕ್ಷಿದಾರರಿಗೋ, ಮ್ಯಾನೇಜರ್ ಏನು ಮಾಡಿದ ಅನ್ನೋದು ಬೇಕಿರಲಿಲ್ಲ. "ಬಾಯಿ ಬಿಟ್ಟೋಳು ಯಾರು, ಅದನ್ನ ಹೇಳಿ" — ಇದೊಂದೇ ಪಲ್ಲವಿ. ಮೇಡಂ ಆಫೀಸಿನ ಎದುರು, ಝೆರಾಕ್ಸ್ ಅಂಗಡಿಯ ಮುಂದೆ, ಒಬ್ಬನನ್ನು ಕಾವಲಿಗೆ ಕೂರಿಸಿದರು. ಆ ಮೆಟ್ಟಿಲು ಹತ್ತಿದವಳು ಯಾರೋ, ದೂರು ಕೊಟ್ಟವಳು ಅವಳೇ ಎಂದು ಅವರ ಲೆಕ್ಕ.

ಮೇಡಂ ಏನು ಮಾಡಿದರು? ಇಡೀ ವಿಭಾಗವನ್ನೇ ಕರೆದರು. ಇಡೀ ವಿಭಾಗ! ರಜೆಯ ದಿನ ಮೆಟ್ಟಿಲ ತುಂಬ ಹೆಂಗಸರು. ಒಬ್ಬೊಬ್ಬರೇ ಒಳಗೆ, ಬಾಗಿಲು ಬಂದ್ — ಎಲ್ಲರಿಗೂ ಅಷ್ಟಷ್ಟೇ ಹೊತ್ತು. ಒಬ್ಬಳು ಅತ್ತೆಯನ್ನು ಮನಸಾರೆ ಬೈದು ಬಂದಳಂತೆ. ಇನ್ನೊಬ್ಬಳು ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದಳಂತೆ. ಮ್ಯಾನೇಜರನ ಸ್ವಂತ ನಾದಿನಿಯೂ ಬಂದಿದ್ದಳು! ಕಾವಲಿನವನು ಸಂಜೆ ಮಾಲೀಕರ ಎದುರು ನಿಂತು, "ಎಲ್ರೂ ಅವ್ಳೇ ಸಾರ್" ಅಂದನಂತೆ.

ದೂರು ನಿಜವೆಂದಾಯಿತು. ಮ್ಯಾನೇಜರನ್ನು ಮನೆಗೆ ಕಳಿಸಿದರು. ಹೆಂಗಸರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಎಲ್ಲರನ್ನೂ ತೆಗೆದರೆ ಪ್ಯಾಕಿಂಗ್ ಮಾಡುವವರು ಯಾರು?

ಹೋದ ತಿಂಗಳು ಆಸ್ಪತ್ರೆಗೆ ನೋಡಲು ಹೋದಾಗ ಕೇಳಿದೆ. "ಈಗ್ಲಾದ್ರೂ ಹೇಳಿ ಮೇಡಂ, ಯಾರದು?"

ನಕ್ಕರು. "ನೀವಿನ್ನೂ ಮಾಲೀಕರ ಪರ ಪ್ರಾಕ್ಟೀಸ್ ಮಾಡ್ತಿದ್ದೀರಲ್ಲ ಸಾರ್" ಅಂದರು. ಅಷ್ಟೇ.

ಮೊನ್ನೆ ಮಗಳು ನನ್ನನ್ನು ಕೇಳಿದಳು — "ಅಂಕಲ್, ಅಮ್ಮ ಯಾರ್ಯಾರ ಪರ ನಿಂತಿದ್ರು? ಅವ್ರನ್ನೆಲ್ಲ ಕರೀಬೇಕು." ಮನೆಯಲ್ಲೂ ಹೇಳಿಲ್ಲ! ಯಜಮಾನರು ತಲೆಯಾಡಿಸುತ್ತಿದ್ದಾರೆ, ನೋಡಿ.

ಸಂಘದವರು ಇವತ್ತಿನ ಕಾರ್ಯಕ್ರಮದಲ್ಲಿ, "ಮೇಡಂ ಅವರಿಂದ ನ್ಯಾಯ ಪಡೆದವರು ಎದ್ದು ನಿಲ್ಲಬೇಕು" ಎಂದು ಸೇರಿಸಿದ್ದರು. ನಾನೇ ತೆಗೆಸಿದೆ. ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳಬಾರದು. ಆ ಹೆಂಗಸರು ಈ ಸಭೆಯಲ್ಲಿ ಇರಬಹುದು. ಅವರ ಮಾಲೀಕರಂತೂ ಬಂದಿದ್ದಾರೆ — ಬಾಗಿಲಲ್ಲಿ ಕೈಕುಲುಕಿದವನು ನಾನೇ. ಅಲ್ಲೇ ಇನ್ನೂ ದುಡಿಯುತ್ತಿರುವವಳು ಇಲ್ಲಿ ಎದ್ದು ನಿಂತರೆ ಅವಳ ನಾಳೆ ಏನು? ಮೇಡಂ ಇಷ್ಟು ವರ್ಷ ಕಾಪಾಡಿದ್ದು ಒಂದೇ ಗಳಿಗೆಯಲ್ಲಿ ಮಣ್ಣುಪಾಲು.

ಆದ್ದರಿಂದ ಮಗಳೇ, ಹುಡುಕಬೇಡಮ್ಮ. ಬಂದಿದ್ದರೆ ಬಂದಿರುತ್ತಾರೆ.

ನನಗೆ ದುಃಖವಾಗಿದೆ. ಅದನ್ನೂ ಹೇಳಿಬಿಡುತ್ತೇನೆ. ಎದುರು ನಿಂತು ವಾದ ಮಾಡಲು ಅಂಥವರು ನನಗೆ ಇನ್ನು ಸಿಗುವುದಿಲ್ಲ.

ಈಗ — ದಯವಿಟ್ಟು ಎಲ್ಲರೂ ಏಳಿ. ಮಾಲೀಕರೂ ಏಳಿ, ಕೆಲಸದವರೂ ಏಳಿ. ಒಬ್ಬರ ಹಿಂದೆ ಒಬ್ಬರಲ್ಲ, ಒಟ್ಟಿಗೇ. ಹಿರಿಯರು ಕೂತೇ ಇರಬಹುದು. ಸ್ವಲ್ಪ ಹೊತ್ತು ಮೌನ. ಕಣ್ಣು ಮುಚ್ಚಿ — ಅಕ್ಕಪಕ್ಕದಲ್ಲಿ ಯಾರು ಅಳುತ್ತಿದ್ದಾರೆ ಎಂದು ಯಾರೂ ನೋಡಬೇಡಿ.