ನಿಮ್ಮ ಕರೆ ನಮಗೆ ಬಹಳ ಮುಖ್ಯ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನ ಪರಿಚಯವೇ ಇಲ್ಲದೆ ನನ್ನನ್ನು ಹನ್ನೆರಡು ನಿಮಿಷ ಹೊಗಳಿದ ಮುಖ್ಯ ಅತಿಥಿಗಳೇ, ನೀರು ಸರಬರಾಜು ಕಚೇರಿಯ ಸಹೋದ್ಯೋಗಿಗಳೇ, ಮತ್ತು ಪಕ್ಕದ ಕೋಣೆಯಿಂದ ಕಾಫಿಯ ವಾಸನೆ ಬಂದ ಮೇಲೂ ಎದ್ದು ಹೋಗದ ಸಹನಾಶೀಲ ಸಭಿಕರೇ,

ನನ್ನ ಮುಖ ಕಂಡವರು ಈ ಊರಲ್ಲಿ ಕಡಿಮೆ. ನನ್ನ ದನಿ ಕೇಳದ ಮನೆ ಮಾತ್ರ ಇಲ್ಲ. ನಲ್ಲಿಯಲ್ಲಿ ನೀರು ಬರದಿದ್ದಾಗ ದೂರು ಕೊಡಲು ಫೋನ್ ಮಾಡುತ್ತೀರಿ. ಒಬ್ಬ ಹೆಣ್ಣುಮಗಳು “ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ” ಎನ್ನುತ್ತಾಳೆ. ಆಮೇಲೆ ನೀವು ಮನಸಾರೆ ಬೈಯುತ್ತೀರಲ್ಲ, ಆ ಹೆಣ್ಣುಮಗಳೇ ನಾನು. ಹತ್ತೊಂಬತ್ತು ವರ್ಷಗಳ ಬೈಗುಳವನ್ನು ಒಟ್ಟಿಗೆ, ಖುದ್ದಾಗಿ ಸ್ವೀಕರಿಸಲು ನಿವೃತ್ತಿಯ ಈ ದಿನ ಇಲ್ಲಿ ನಿಂತಿದ್ದೇನೆ.

ಆ ವಾಕ್ಯ ಸುಮ್ಮನೆ ಹುಟ್ಟಿದ್ದೆಂದು ತಿಳಿಯಬೇಡಿ. ಅದಕ್ಕಾಗಿ ಸಮಿತಿ ಮೂರು ಸಲ ಸೇರಿತ್ತು. ಮೊದಲು “ಅತ್ಯಂತ ಮುಖ್ಯ” ಎಂದಿತ್ತು. ಅಷ್ಟೊಂದು ಜವಾಬ್ದಾರಿ ಹೊರುವುದು ಕಷ್ಟವೆಂದು “ಬಹಳ”ಕ್ಕೆ ಇಳಿಸಿದರು. ಹಳೆಯ ಕಡತಗಳ ಕೋಣೆಯಲ್ಲಿ ಫ್ಯಾನ್ ಆರಿಸಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ರೆಕಾರ್ಡ್ ಮಾಡಿದೆವು. ಹತ್ತು ಸಲ ಹೇಳಿದರೂ ಆಗಿನ ಸಾಹೇಬರಿಗೆ ಸಮಾಧಾನವಿಲ್ಲ.

“ಏನಮ್ಮಾ ಇದು, ನೋಟೀಸು ಓದಿದ ಹಾಗಿದೆ. ಸ್ವಲ್ಪ ಪ್ರೀತಿ ಬರಲಿ.”

“ಪ್ರೀತಿ ಎಲ್ಲಿಂದ ತರಲಿ ಸಾರ್?”

“ನಿಮ್ಮೋರು ಅಂತ ಯಾರಾದ್ರೂ ಇರ್ತಾರಲ್ಲ, ಅವರ ಹತ್ರ ಮಾತಾಡ್ತಿದೀನಿ ಅಂದ್ಕೊಳ್ಳಿ.”

ನನ್ನವರು ಅಂತ ಇದ್ದದ್ದು ಅಕ್ಕ ಒಬ್ಬಳೇ. ಅವಳನ್ನು ನೆನೆದು ಹನ್ನೊಂದನೇ ಸಲ ಹೇಳಿದೆ. ಸಾಹೇಬರು ಕಣ್ಣೊರೆಸಿಕೊಂಡರು. ಗೋಣಿಚೀಲದ ಧೂಳೂ ಇದ್ದೀತು. ಅಂತೂ ಅಕ್ಕನ ಪಾಲಿನ ಪ್ರೀತಿ ಅಂದಿನಿಂದ ಇಡೀ ಊರಿಗೆ ಸರಬರಾಜಾಯಿತು. ನೀರಿಗಿಂತ ಸುಸೂತ್ರವಾಗಿಯೇ ಆಯಿತೆನ್ನಿ.

ಅಕ್ಕ ಊರಿನ ಆ ತುದಿಯಲ್ಲಿ ಒಬ್ಬಳೇ, ನಾನು ಈ ತುದಿಯಲ್ಲಿ ಒಬ್ಬಳೇ. ನಡುವೆ ಎರಡು ಬಸ್ಸು. ಅವಳ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಆದರೂ ವಾರಕ್ಕೆರಡು ಸಲ ದೂರಿನ ನಂಬರಿಗೇ ಫೋನ್ ಮಾಡುತ್ತಿದ್ದಳು. ಕರೆ ಎತ್ತುವವಳೂ ನಾನೇ, ರೇಗುತ್ತಿದ್ದೆ. “ಅಕ್ಕಾ, ಇದು ಕೆಲಸದ ಫೋನು. ನನ್ನ ಮೊಬೈಲಿಗೆ ಮಾಡಬಾರದಾ?”

“ಅದಕ್ಕೆ ಮಾಡಿದ್ರೆ ‘ಏನಕ್ಕಾ, ಬೇಗ ಹೇಳು’ ಅಂತೀಯ. ಇದಕ್ಕೆ ಮಾಡಿದ್ರೆ ‘ನಿಮ್ಮ ಕರೆ ಬಹಳ ಮುಖ್ಯ’ ಅಂತೀಯ. ನೀನೇ ಹೇಳೇ ಪುಟ್ಟಿ, ಬುದ್ಧಿ ಇರೋರು ಯಾವುದಕ್ಕೆ ಮಾಡ್ತಾರೆ?”

“ಅದು ನಾನಲ್ಲ, ಯಂತ್ರ.”

“ಯಂತ್ರಾನೇ ವಾಸಿ ಬಿಡು. ಅದಕ್ಕಾದ್ರೂ ಮರ್ಯಾದೆ ಗೊತ್ತು.”

ನಗಿ, ನಗಿ. ಆಗ ನಾನೂ ನಗುತ್ತಿದ್ದೆ.

ಮೇಲಿನ ಮಹಡಿಯ ನಮ್ಮ ಕೋಣೆಯನ್ನು ನೀವು ನೋಡಿಲ್ಲ. ಗೋಡೆಯ ಮೇಲೆ ಗಾಜು ಹಾಕಿಸಿದ ಫಲಕವಿದೆ: “ಪ್ರತಿ ಕರೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ.” ಕರೆ ಎತ್ತುವ ಕಡೆ ಎಷ್ಟು ಮನುಷ್ಯರಿರಬೇಕೆಂದು ಅದರಲ್ಲಿ ಬರೆದಿಲ್ಲ. ಮೊದಲು ಮೂವರಿದ್ದೆವು. ಒಬ್ಬರು ನಿವೃತ್ತರಾದರು, ಒಬ್ಬರಿಗೆ ವರ್ಗವಾಯಿತು. ಅವರ ಎರಡು ಕುರ್ಚಿ ಎಲ್ಲಿ ಎಂದಿರಾ? ಅಧ್ಯಕ್ಷರೂ ಮುಖ್ಯ ಅತಿಥಿಗಳೂ ಈಗ ಅವುಗಳ ಮೇಲೇ ಕೂತಿದ್ದಾರೆ. ಆರಾಮಾಗಿ ಕೂತಿರಿ, ಎದ್ದೇಳಬೇಡಿ.

ಕಳೆದ ವರ್ಷ ನಮ್ಮ ಕಚೇರಿಗೆ ಉತ್ತಮ ಜನಸೇವೆಯ ಪ್ರಶಸ್ತಿ ಬಂತು. ಇದೇ ಸಭಾಂಗಣ, ಇದೇ ಮೈಕು. ಚಪ್ಪಾಳೆಗೆ ಜನ ಸಾಲದೆಂದು ನನ್ನನ್ನೂ ಕೆಳಗೆ ಕರೆಸಿದ್ದರು. ಎರಡನೇ ಸಾಲಿನಲ್ಲಿ ಕೂತಿದ್ದೆ. ಚೀಲದೊಳಗೆ ಮೊಬೈಲು ನಡುಗಿತು. ಅಕ್ಕ. ಕಟ್ ಮಾಡಿದೆ. ಮತ್ತೆ ನಡುಗಿತು. ಮತ್ತೆ ಕಟ್ ಮಾಡಿದೆ. ಸಮಾರಂಭವಲ್ಲವೇ? ಜನಸೇವೆಯ ಭಾಷಣ ನಡೆಯುತ್ತಿರುವಾಗ ಫೋನ್ ಎತ್ತಿದರೆ ಚೆನ್ನಾಗಿರುತ್ತದೆಯೇ?

ಅವಳು ಎಂದಿನಂತೆ ದೂರಿನ ನಂಬರಿಗೆ ಮಾಡಿದಳು. ಮರುದಿನ ಯಂತ್ರದ ದಾಖಲೆಯಲ್ಲಿ ನೋಡಿದೆ. ಮೂರು ಗಂಟೆ ಹತ್ತು ನಿಮಿಷದಿಂದ ಮೂರು ಐವತ್ತೊಂದರ ತನಕ. ನಲವತ್ತೊಂದು ನಿಮಿಷ. ಅರ್ಧ ನಿಮಿಷಕ್ಕೊಮ್ಮೆ ನನ್ನ ದನಿ ಬರುತ್ತದೆ. ಅಂದರೆ ಎಂಬತ್ತೆರಡು ಸಲ ನಾನು ಅವಳಿಗೆ, ನಿನ್ನ ಕರೆ ಬಹಳ ಮುಖ್ಯ ಎಂದೆ. ಒಂದು ಸಲವೂ ಏನಕ್ಕಾ ಎನ್ನಲಿಲ್ಲ.

ಸಂಜೆ ಪಕ್ಕದ ಮನೆಯಾಕೆ ಹೋಗಿ ನೋಡಿದಾಗ ಅಕ್ಕ ಕುರ್ಚಿಯಲ್ಲಿ ಒರಗಿ ಕೂತಿದ್ದಳಂತೆ, ಫೋನು ಮಡಿಲಲ್ಲಿ. ಜೀವ ಹೋಗಿತ್ತು. “ಎತ್ತಿದ್ದರೂ ಏನೂ ಮಾಡೋಕಾಗ್ತಿರಲಿಲ್ಲ” ಎಂದರು ಡಾಕ್ಟರು. ಅವರಿಗೂ ಯಾವುದೋ ಸಮಿತಿ ಆ ವಾಕ್ಯ ಬರೆದುಕೊಟ್ಟಿರಬಹುದು. ಎದೆನೋವೆಂದು ಮಾಡಿದಳೋ, ಸುಮ್ಮನೆ ನನ್ನ ಮರ್ಯಾದೆಯ ಮಾತು ಕೇಳಲು ಮಾಡಿದಳೋ, ನನಗೆ ಗೊತ್ತಿಲ್ಲ.

ಕ್ಷಮಿಸಿ, ಇದನ್ನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ಚೀಟಿಯಲ್ಲಿ ಇರುವುದು ಗೋಡೆ ಗಡಿಯಾರದ ಕಾಣಿಕೆಗೆ ಧನ್ಯವಾದ. ಇಷ್ಟು ಜನರನ್ನು ಕಾಯಿಸಿದವಳಿಗೆ ಇದಕ್ಕಿಂತ ಸೂಕ್ತವಾದ ಕಾಣಿಕೆಯನ್ನು ಯಾರು ಕೊಟ್ಟಾರು?

ಕಚೇರಿ ಸುಳ್ಳು ಹೇಳಿತು ಎಂದು ದೂರಲೇ? ಹೇಳಿದವಳು ನಾನು. ಪ್ರೀತಿ ಬೆರೆಸಿ ಹೇಳಿದವಳೂ ನಾನೇ. ಅಧ್ಯಕ್ಷರು ಈಗಷ್ಟೇ, ನಿಮ್ಮ ದನಿ ಎಂದೆಂದಿಗೂ ನಮ್ಮೊಂದಿಗಿರುತ್ತದೆ ಎಂದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಬೇಡ ಸಾರ್. ಆ ಎರಡು ಕುರ್ಚಿ ಮೇಲಿನ ಮಹಡಿಗೆ ಹೋಗಲಿ, ಅವುಗಳಲ್ಲಿ ಇಬ್ಬರು ಕೂರಲಿ. ಅಲ್ಲಿಯ ತನಕ ನನ್ನ ದನಿ ತೆಗೆದುಬಿಡಿ. “ಈಗ ಇಲ್ಲಿ ಯಾರೂ ಇಲ್ಲ” ಎಂದು ಹಾಕಿ. ಅಷ್ಟು ಗೊತ್ತಾದರೆ ಕಾಯುವವರು ಬೇರೆ ಯಾರನ್ನಾದರೂ ಕೂಗಿಯಾರು.

ಇನ್ನೊಂದು ಮಾತು. ಇವತ್ತೂ ನಾವೆಲ್ಲ ಇಲ್ಲೇ ಇದ್ದೇವಲ್ಲ, ಈಗ ಮೇಲೆ ಫೋನ್ ಎತ್ತುತ್ತಿರುವವರು ಯಾರು?

ಗಂಟೆ ನಾಲ್ಕೂಕಾಲು. ಐದೂವರೆಯ ತನಕ ನಾನು ನೌಕರಿಯಲ್ಲೇ ಇದ್ದೇನೆ. ಆದ್ದರಿಂದ ಕಾಫಿಗೆ ನಿಲ್ಲುವುದಿಲ್ಲ, ಮೇಲೆ ಹೋಗುತ್ತೇನೆ.

ನಾಳೆಯಿಂದ ಮನೆಯಲ್ಲೇ ಇರುತ್ತೇನೆ. ನನ್ನ ನಂಬರು ನಿಮ್ಮೆಲ್ಲರ ಬಳಿ ಇದೆ. ಕೆಲಸವಿಲ್ಲದಿದ್ದರೂ ಮಾಡಿ. ಮೊದಲನೇ ರಿಂಗಿಗೆ ಎತ್ತುವುದಿಲ್ಲ, ಎರಡನೆಯದಕ್ಕೆ ಎತ್ತುತ್ತೇನೆ. ಫೋನಿನ ಮುಂದೆಯೇ ಕೂತಿದ್ದೆ ಎಂದು ನಿಮಗೆ ಗೊತ್ತಾಗಬಾರದು, ನೋಡಿ.

ಇಷ್ಟು ಹೊತ್ತು ಕಾದಿದ್ದಕ್ಕೆ ವಂದನೆಗಳು. ನಮಸ್ಕಾರ.